ಆರು ಗಂಟೆಗೆ ಬರುವವರು ಯಾರು?

ನಮ್ಮ ತಲೆಮಾರಿನಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಓದಿದವರನ್ನು ಕೇಳಿ ನೋಡಿ. ಅವರು ಇಂಗ್ಲಿಷಿನಲ್ಲಿ ಬರೆದ ಮೊದಲ ಪೂರ್ತಿ ವಾಕ್ಯ ಬಹುಮಟ್ಟಿಗೆ ರಜಾ ಅರ್ಜಿಯದೇ ಆಗಿರುತ್ತದೆ. "ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್, ಐ ಆಮ್ ನಾಟ್ ಏಬಲ್ ಟು ಅಟೆಂಡ್ ದ ಸ್ಕೂಲ್." ಐದನೆಯ ತರಗತಿಯಲ್ಲಿ ಎ, ಬಿ, ಸಿ, ಡಿ ತಿದ್ದಲು ಆರಂಭಿಸಿದ್ದ ನಾವು ಏಳನೆಯ ತರಗತಿಗೆ ಬರುವಷ್ಟರಲ್ಲಿ ಈ ವಾಕ್ಯವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡಿದ್ದೆವು. ಊರ ಜಾತ್ರೆಗೆ ಹೋದರೂ ಜ್ವರ, ಸೋದರತ್ತೆಯ ಮಗಳ ಮದುವೆಗೆ ಹೋದರೂ ಜ್ವರ. ಸುಳ್ಳು ಹೇಳಬೇಕೆಂಬ ಉದ್ದೇಶ ಯಾರಿಗೂ ಇರಲಿಲ್ಲ; ಜ್ವರ ಇದ್ದ ಜಾಗದಲ್ಲಿ ಇನ್ನೊಂದು ಕಾರಣವನ್ನಿಟ್ಟು ಬರೆಯುವುದು ಹೇಗೆಂದು ನಮಗೆ ಗೊತ್ತಿರಲಿಲ್ಲ, ಅಷ್ಟೇ.

ವ್ಯಾಕರಣದ ಲೆಕ್ಕದಲ್ಲಿ ಅದು ಮಿಶ್ರ ವಾಕ್ಯ. ಅಲ್ಲಿ ಒಂದು ಪ್ರಧಾನ ವಾಕ್ಯವಿದೆ, ಅದಕ್ಕೆ ಕಾರಣ ಹೇಳುವ ಅಧೀನ ವಾಕ್ಯ ಮುಂದೆ ನಿಂತಿದೆ. "ಐ ಹ್ಯಾವ್ ಫೀವರ್" ಎಂಬ ಮೂರೇ ಪದಗಳ ಸಾಮಾನ್ಯ ವಾಕ್ಯವನ್ನು ಸ್ವಂತವಾಗಿ ಕಟ್ಟಲು ಬಾರದ ಮಕ್ಕಳು ಈ ಮಿಶ್ರ ವಾಕ್ಯವನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದೆವು. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಆರಂಭಿಸಿದ್ದಾರೆ. ಆದರೆ ಭಾನುವಾರ ಬೆಳಿಗ್ಗೆ ನನ್ನ ಬಳಿಗೆ ನೋಟ್‌ಬುಕ್ ಹಿಡಿದು ಬರುವ ಪಕ್ಕದ ಬೀದಿಯ ಹುಡುಗಿಯ ಬರವಣಿಗೆಯನ್ನು ನೋಡಿದಾಗಲೆಲ್ಲ, ಆರಂಭ ಬೇಗನೆ ಆಗಿದ್ದರೂ ಕಲಿಕೆಯ ಕ್ರಮ ಹಾಗೆಯೇ ತಲೆಕೆಳಗಾಗಿ ಉಳಿದಿದೆ ಎಂದು ನನಗೆ ಅನ್ನಿಸುತ್ತದೆ. ಅವಳಿಗೆ ಪದಗಳು ನನಗಿಂತ ಹೆಚ್ಚು ಗೊತ್ತು. ಗೊತ್ತಿಲ್ಲದಿರುವುದು ವಾಕ್ಯ.

ನನಗೆ ವಾಕ್ಯ ಗೊತ್ತಾದದ್ದು ಶಾಲೆಯಲ್ಲಲ್ಲ, ಪೀಣ್ಯದಲ್ಲಿ. 1994ರಲ್ಲಿ ತುಮಕೂರಿನ ಕಡೆಯಿಂದ ಐಟಿಐ ಮುಗಿಸಿಕೊಂಡು ಬಂದು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಗ್ರೈಂಡಿಂಗ್ ಯಂತ್ರದ ಕೆಲಸಕ್ಕೆ ಸೇರಿದ್ದೆ. ನಾವು ನಾವು ಮಾತಾಡುವುದೆಲ್ಲ ಕನ್ನಡದಲ್ಲಿ, ಸ್ವಲ್ಪ ತಮಿಳು, ತೆಲುಗಿನಲ್ಲಿ. ಆದರೆ ಶಿಫ್ಟ್ ಮುಗಿಯುವಾಗ ತುಂಬಬೇಕಾದ ಲಾಗ್ ಪುಸ್ತಕ ಇಂಗ್ಲಿಷಿನಲ್ಲಿರಬೇಕಿತ್ತು, ಏಕೆಂದರೆ ಹಗಲು ಪಾಳಿಯ ಎಂಜಿನಿಯರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಒಂದು ರಾತ್ರಿ ಮೂರನೆಯ ನಂಬರಿನ ಯಂತ್ರದಲ್ಲಿ ಕರಕರ ಸದ್ದು ಬರತೊಡಗಿತು. ಕೈಯಿಟ್ಟು ನೋಡಿದರೆ ಸ್ಪಿಂಡಲ್ ಬೇರಿಂಗಿನ ಭಾಗ ಸುಡುತ್ತಿತ್ತು. ಯಂತ್ರ ನಿಲ್ಲಿಸಿ, ಮೇಂಟೆನೆನ್ಸಿನವರಿಗೆ ಫೋನ್ ಮಾಡಿದೆ. "ಆರು ಗಂಟೆಗೆ ಬರ್ತೀನಿ" ಎಂದರು. ಬೆಳಗಿನ ಜಾವ ನಾನು ಪುಸ್ತಕದಲ್ಲಿ ಬರೆದದ್ದು ಹೀಗಿತ್ತು: "ಇನ್ ನೈಟ್ ಮೆಷಿನ್ ನಂಬರ್ ತ್ರೀ ಸೌಂಡ್ ಕಮಿಂಗ್ ಅಂಡ್ ಸೀಯಿಂಗ್ ಬೇರಿಂಗ್ ಹೀಟ್ ಸೋ ಸ್ಟಾಪ್ಡ್ ಅಂಡ್ ಟೋಲ್ಡ್ ಟು ಮೇಂಟೆನೆನ್ಸ್ ಅಂಡ್ ಟೋಲ್ಡ್ ದಟ್ ಐ ವಿಲ್ ಕಮ್ ಅಟ್ ಸಿಕ್ಸ್."

ಮೇಂಟೆನೆನ್ಸಿನವರು ಆರಕ್ಕೆ ಬರಲಿಲ್ಲ. ನಾನು ಆರೂವರೆಯವರೆಗೆ ಕಾದು ಮನೆಗೆ ಹೋದೆ. ಏಳು ಗಂಟೆಗೆ ಬಂದ ಎಂಜಿನಿಯರ್ ಪುಸ್ತಕ ಓದಿ, ಬರೆದವನೇ, ಅಂದರೆ ನಾನೇ, ಸಂಜೆ ಆರು ಗಂಟೆಗೆ ಬಂದು ಈ ವಿಷಯ ನೋಡಿಕೊಳ್ಳುತ್ತೇನೆಂದು ಹೇಳಿದ್ದೇನೆ ಎಂದು ತಿಳಿದರು. ಅವರು ಯಾರಿಗೂ ಫೋನ್ ಮಾಡಲಿಲ್ಲ. ರಾತ್ರಿ ಹತ್ತಕ್ಕೆ ನಾನು ಮತ್ತೆ ಕೆಲಸಕ್ಕೆ ಹೋದಾಗ ಯಂತ್ರ ನಾನು ಬಿಟ್ಟಂತೆಯೇ ನಿಂತಿತ್ತು, ಕಳಿಸಬೇಕಾಗಿದ್ದ ಮಾಲು ಮೇಜಿನ ಮೇಲೆಯೇ ಇತ್ತು.

ಆ ರಾತ್ರಿ ನಮ್ಮ ಪಾಳಿಯ ಹಿರಿಯ ಸೂಪರ್‌ವೈಸರ್ ನನ್ನನ್ನು ಬೈಯಲಿಲ್ಲ. ಪುಸ್ತಕವನ್ನು ಮುಂದಿಟ್ಟು ಕನ್ನಡದಲ್ಲಿ ಒಂದೊಂದೇ ಪ್ರಶ್ನೆ ಕೇಳಿದರು.

"ಮೆಷಿನ್ ನಿಲ್ಲಿಸಿದ್ದು ಯಾರಪ್ಪಾ?"

"ನಾನೇ ಸಾರ್."

"ಎಷ್ಟು ಹೊತ್ತಿಗೆ?"

"ಎರಡೂಕಾಲಿಗೆ."

"ಬಿಸಿ ಆಗಿದ್ದು ಏನು?"

"ಸ್ಪಿಂಡಲ್ ಬೇರಿಂಗು."

"ಆರಕ್ಕೆ ಬರ್ತೀನಿ ಅಂದೋರು ಯಾರು?"

"ಮೇಂಟೆನೆನ್ಸಿನವರು."

"ಬಂದ್ರಾ?"

"ಇಲ್ಲ ಸಾರ್."

"ಇಷ್ಟನ್ನೇ ಬರಿ. ಒಂದು ಪ್ರಶ್ನೆಗೆ ಒಂದು ಸೆಂಟೆನ್ಸು. ಫುಲ್‌ಸ್ಟಾಪ್ ಇಟ್ಟ ಮೇಲೆ ಮುಂದಿನದು."

ಅವರು ಪಕ್ಕದಲ್ಲಿ ನಿಂತು ತಿದ್ದುತ್ತಾ ಹೋದರು, ನಾನು ಬರೆದೆ. "ಐ ಸ್ಟಾಪ್ಡ್ ಮೆಷಿನ್ ನಂಬರ್ ತ್ರೀ ಅಟ್ ಟೂ ಫಿಫ್ಟೀನ್. ದ ಸ್ಪಿಂಡಲ್ ಬೇರಿಂಗ್ ವಾಸ್ ಹಾಟ್. ಐ ಕಾಲ್ಡ್ ದ ಮೇಂಟೆನೆನ್ಸ್ ಮ್ಯಾನ್. ಹೀ ಸೆಡ್ ದಟ್ ಹೀ ವುಡ್ ಕಮ್ ಅಟ್ ಸಿಕ್ಸ್. ಹೀ ಡಿಡ್ ನಾಟ್ ಕಮ್." ಐದು ವಾಕ್ಯಗಳು. ಮೂವತ್ತು ವರ್ಷಗಳಾದರೂ ಅವು ನನಗೆ ಬಾಯಿಗೆ ಬರುತ್ತವೆ, ಏಕೆಂದರೆ ಒಬ್ಬ ಕನ್ನಡಿಗ ಇಂಗ್ಲಿಷ್ ವಾಕ್ಯದ ಬಗ್ಗೆ ಮೊದಲು ತಿಳಿಯಬೇಕಾದ ಬಹುಪಾಲು ಸಂಗತಿಗಳು ಆ ಐದರಲ್ಲಿ ಇವೆ.

ಮೊದಲನೆಯ ವಾಕ್ಯದಲ್ಲಿ ಮಾಡಿದವನು ಮೊದಲು, ಮಾಡಿದ ಕೆಲಸ ನಂತರ, ಕೆಲಸಕ್ಕೆ ಗುರಿಯಾದದ್ದು ಆಮೇಲೆ. ಕರ್ತೃ, ಕ್ರಿಯೆ, ಕರ್ಮ. ಕನ್ನಡದಲ್ಲಿ ಕ್ರಿಯೆ ಕೊನೆಯಲ್ಲಿ ಬರುತ್ತದೆ, ಇಂಗ್ಲಿಷಿನಲ್ಲಿ ನಡುವೆ ಬರುತ್ತದೆ ಎಂದು ಎಲ್ಲ ಮೇಷ್ಟರೂ ಹೇಳಿಕೊಡುತ್ತಾರೆ. ಅದು ನಿಜ, ಆದರೆ ಸಾಲದು. ಅದು ಏಕೆ ಹಾಗೆ ಎಂಬುದನ್ನು ಹೇಳದಿದ್ದರೆ ಅದು ಇನ್ನೊಂದು ಬಾಯಿಪಾಠವಾಗುತ್ತದೆ. "ನಾಯಿ ಹುಡುಗನನ್ನು ಕಚ್ಚಿತು" ಎನ್ನಿ, "ಹುಡುಗನನ್ನು ನಾಯಿ ಕಚ್ಚಿತು" ಎನ್ನಿ, "ಕಚ್ಚಿತು ನಾಯಿ ಹುಡುಗನನ್ನು" ಎಂದು ಬೇಕಾದರೂ ಹೇಳಿ, ಗಾಯವಾದದ್ದು ಹುಡುಗನಿಗೇ. "ಅನ್ನು" ಎಂಬ ಪ್ರತ್ಯಯ ಹುಡುಗನ ಬೆನ್ನಿಗೆ ಅಂಟಿಕೊಂಡಿರುವವರೆಗೆ ಅವನು ವಾಕ್ಯದ ಯಾವ ಮೂಲೆಯಲ್ಲಿ ನಿಂತರೂ ಅರ್ಥ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ "ದ ಡಾಗ್ ಬಿಟ್ ದ ಬಾಯ್" ಎಂಬುದನ್ನು "ದ ಬಾಯ್ ಬಿಟ್ ದ ಡಾಗ್" ಎಂದು ಹಿಂದುಮುಂದು ಮಾಡಿದರೆ ಕಚ್ಚಿದವನು ಹುಡುಗನಾಗುತ್ತಾನೆ. ಪದಗಳಲ್ಲಿ ಒಂದಕ್ಷರ ಬದಲಾಗಿಲ್ಲ, ನಿಂತ ಜಾಗ ಮಾತ್ರ ಬದಲಾಗಿದೆ. ನಮ್ಮಲ್ಲಿ ಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ಜಾಗ ಮಾಡುತ್ತದೆ.

ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಬರೆದ ಶಬ್ದಮಣಿದರ್ಪಣದ ಎಂಟು ಪ್ರಕರಣಗಳ ಹೆಸರುಗಳನ್ನು ನೆನಪು ಮಾಡಿಕೊಂಡಾಗ ಈ ಮಾತು ನನಗೆ ಇನ್ನಷ್ಟು ಸ್ಪಷ್ಟವಾಯಿತು: ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ. ವಾಕ್ಯಕ್ಕೆಂದೇ ಒಂದು ಪ್ರಕರಣ ಅಲ್ಲಿಲ್ಲ. ನಾಮಪದಕ್ಕೆ ಸರಿಯಾದ ವಿಭಕ್ತಿಯನ್ನೂ ಧಾತುವಿಗೆ ಸರಿಯಾದ ಆಖ್ಯಾತ ಪ್ರತ್ಯಯವನ್ನೂ ಹಚ್ಚಿದರೆ ಕನ್ನಡದ ವಾಕ್ಯ ಬಹುಪಾಲು ತಾನಾಗಿಯೇ ಕೂಡಿಕೊಳ್ಳುತ್ತದೆ ಎಂಬುದೇ ಇದಕ್ಕೆ ಕಾರಣವೆಂದು ನಾನು ತಿಳಿದಿದ್ದೇನೆ. ಇಂಗ್ಲಿಷ್ ಕೂಡ ಒಂದು ಕಾಲದಲ್ಲಿ ಹೀಗೆಯೇ ಇತ್ತು. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ನಾಮಪದಗಳಿಗೆ ವಿಭಕ್ತಿಗಳಿದ್ದವು, ಪದಗಳ ಕ್ರಮವೂ ಈಗಿನಷ್ಟು ಬಿಗಿಯಾಗಿರಲಿಲ್ಲ. ಮುಂದೆ ಆ ಪ್ರತ್ಯಯಗಳು ಸವೆದುಹೋದಂತೆಲ್ಲ ಕ್ರಮವು ಬಿಗಿಯಾಯಿತು. "ಹೀ" ಮತ್ತು "ಹಿಮ್", "ಹೂ" ಮತ್ತು "ಹೂಮ್" ಎಂಬ ಜೋಡಿಗಳು ಆ ಹಳೆಯ ವಿಭಕ್ತಿಗಳ ಉಳಿಕೆ. ಇದನ್ನು ತಿಳಿದ ಮೇಲೆ ಇಂಗ್ಲಿಷ್ ವಾಕ್ಯದ ಕ್ರಮ ನನಗೆ ಯಾರೋ ಹೇರಿದ ಕಟ್ಟಳೆಯಂತೆ ಕಾಣಲಿಲ್ಲ. ಪ್ರತ್ಯಯವಿಲ್ಲದ ಭಾಷೆ ಇನ್ನು ಹೇಗೆ ತಾನೇ ಬದುಕೀತು?

ಎರಡನೆಯ ವಾಕ್ಯ, "ದ ಸ್ಪಿಂಡಲ್ ಬೇರಿಂಗ್ ವಾಸ್ ಹಾಟ್", ಬೇರೆಯ ಬಗೆಯದು. ಇಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ. ಬೇರಿಂಗ್ ಹೇಗಿತ್ತು ಎಂದಷ್ಟೇ ಇದೆ. ಕನ್ನಡಿಗರ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಿಟ್ಟುಹೋಗುವ ಪದ ಯಾವುದೆಂದು ಕೇಳಿದರೆ ಈ "ಈಸ್", "ವಾಸ್" ಎಂದೇ ನಾನು ಹೇಳುತ್ತೇನೆ. "ಅವನು ನನ್ನ ತಮ್ಮ" ಎಂಬುದು ಕನ್ನಡದಲ್ಲಿ ಕ್ರಿಯಾಪದವೇ ಇಲ್ಲದ ಪೂರ್ಣ ವಾಕ್ಯ. ನಮ್ಮ ಮೆಟ್ರೊದಲ್ಲಿ ಪೀಣ್ಯದ ಕಡೆ ಹೋಗುವಾಗ ಕಿವಿಗೊಟ್ಟು ಕೇಳಿ. ಕನ್ನಡದಲ್ಲಿ "ಮುಂದಿನ ನಿಲ್ದಾಣ ಪೀಣ್ಯ" ಎಂದು ಹೇಳಿ ಮುಗಿಸುತ್ತಾರೆ. ಇಂಗ್ಲಿಷಿನಲ್ಲಿ ನಿಲ್ದಾಣಕ್ಕೂ ಪೀಣ್ಯಕ್ಕೂ ನಡುವೆ ಒಂದು "ಈಸ್" ಬರುತ್ತದೆ. ಆ ಹುಡುಗಿಗೆ ನಾನು ಇದನ್ನು ಹೇಳಿದ ಮರುವಾರವೇ ಅವಳ ನೋಟ್‌ಬುಕ್ಕಿನಲ್ಲಿ "ಈಸ್" ತಪ್ಪದೆ ಕಾಣಿಸಿಕೊಳ್ಳತೊಡಗಿತು. ದಾಸರಹಳ್ಳಿಯಿಂದ ದಿನವೂ ಮೆಟ್ರೊದಲ್ಲಿ ಕೆಲಸಕ್ಕೆ ಹೋಗುವ ಅವಳಿಗೆ ಪ್ರತಿ ನಿಲ್ದಾಣದಲ್ಲಿಯೂ ಒಂದು ಪಾಠ ಸಿಗುತ್ತಿತ್ತು.

ಇದಕ್ಕೆ ಸಮೀಪದ ಇನ್ನೊಂದು ತೊಡಕೆಂದರೆ ಇಂಗ್ಲಿಷ್ ವಾಕ್ಯಕ್ಕೆ ಕರ್ತೃ ಇಲ್ಲದೆ ನಡೆಯದು ಎಂಬುದು. "ಫೋನ್ ಮಾಡಿದೆ" ಎಂದರೆ ನಮ್ಮಲ್ಲಿ ಸಾಕು. ಕ್ರಿಯಾಪದದ ಕೊನೆಯ "ಎ" ಕಾರದಲ್ಲಿಯೇ "ನಾನು" ಇದ್ದಾನೆ. ಇಂಗ್ಲಿಷಿನ "ಕಾಲ್ಡ್" ಎಂಬ ಪದದಲ್ಲಿ ಯಾರೂ ಇಲ್ಲ. ನನ್ನ ಲಾಗ್ ಪುಸ್ತಕದ "ಸ್ಟಾಪ್ಡ್", "ಟೋಲ್ಡ್" ಎಂಬ ಪದಗಳು ಹೀಗೆ ಅನಾಥವಾಗಿದ್ದವು. ಹೇಳಲು ಯಾವ ಕರ್ತೃವೂ ಇಲ್ಲದಿದ್ದಾಗಲೂ ಇಂಗ್ಲಿಷ್ ಆ ಜಾಗವನ್ನು ಖಾಲಿ ಬಿಡುವುದಿಲ್ಲ. "ಇಟ್ ಈಸ್ ರೇನಿಂಗ್" ಎಂಬಲ್ಲಿನ "ಇಟ್" ಯಾವ ವಸ್ತುವನ್ನೂ ಸೂಚಿಸದೆ ಬರಿದೆ ಆ ಜಾಗ ಕಾಯುತ್ತದೆ. ಆಜ್ಞೆಯ ವಾಕ್ಯದಲ್ಲಿ ಮಾತ್ರ ಕರ್ತೃವನ್ನು ಬಿಡಬಹುದು, ಏಕೆಂದರೆ ಎದುರಿಗಿರುವವನೇ ಕರ್ತೃ.

ಇಂಗ್ಲಿಷ್ ವಾಕ್ಯಗಳ ಮೂಲ ವಿನ್ಯಾಸಗಳು ಏಳು ಎಂದು ರ‍್ಯಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು 1985ರ ತಮ್ಮ ದೊಡ್ಡ ವ್ಯಾಕರಣದಲ್ಲಿ ಲೆಕ್ಕ ಕೊಟ್ಟಿದ್ದಾರೆ. ಏಳನ್ನೂ ಕಲಿಯುವುದು ಒಳ್ಳೆಯದೇ. ಆದರೆ ಕಾರ್ಖಾನೆಯಲ್ಲಿ ನನ್ನ ಹೆಚ್ಚಿನ ಬರವಣಿಗೆ ಮೂರರಲ್ಲಿಯೇ ನಡೆಯಿತು: ಯಾರು ಏನನ್ನು ಮಾಡಿದರು, ಯಾವುದು ಹೇಗಿತ್ತು, ಯಾರು ಬಂದರು ಅಥವಾ ಹೋದರು. ಈ ಮೂರು ಕೈಗೆ ಕೂತವರಿಗೆ ಉಳಿದ ನಾಲ್ಕು ಕಷ್ಟವಾಗುವುದನ್ನು ನಾನು ನೋಡಿಲ್ಲ.

"ಹೀ ಡಿಡ್ ನಾಟ್ ಕಮ್" ಎಂಬ ಐದನೆಯ ವಾಕ್ಯದ "ಡಿಡ್" ನನ್ನನ್ನು ಬಹಳ ದಿನ ಕಾಡಿತು. ನಾನು "ಹೀ ನಾಟ್ ಕೇಮ್" ಎಂದೇ ಬರೆದಿದ್ದೆ, ಸೂಪರ್‌ವೈಸರ್ ಹೊಡೆದುಹಾಕಿದರು. ಕಾಲವನ್ನು ಒಂದು ಕಡೆ ಮಾತ್ರ ತೋರಿಸಬೇಕು, "ಡಿಡ್" ಅದನ್ನು ಹೊತ್ತ ಮೇಲೆ "ಕಮ್" ಬರಿಗೈಯಲ್ಲಿ ನಿಲ್ಲುತ್ತದೆ ಎಂದು ಅವರು ವಿವರಿಸಿದರು. ಕನ್ನಡದ ನಿಷೇಧವೂ ಇದೇ ಜಾತಿಯದು ಎಂದು ನನಗೆ ಆಮೇಲೆ ಹೊಳೆಯಿತು: "ಬಂದನು" ಎಂಬುದಕ್ಕೆ "ಬಂದನು ಇಲ್ಲ" ಎನ್ನುವುದಿಲ್ಲ, "ಬರಲಿಲ್ಲ" ಎನ್ನುತ್ತೇವೆ, "ಬರಲು" ಎಂಬ ರೂಪದಲ್ಲಿ ಭೂತಕಾಲದ ಗುರುತಿಲ್ಲ. ಪ್ರಶ್ನೆಯಲ್ಲಿಯೂ ಇದೇ "ಡು", "ಡಿಡ್" ಮುಂದೆ ಬಂದು ನಿಲ್ಲುತ್ತವೆ. ನಮಗೆ ಪ್ರಶ್ನೆ ಕೇಳಲು ಕೊನೆಯಲ್ಲಿ ಒಂದು "ಏ" ಅಥವಾ "ಆ" ಸಾಕು, ಅದನ್ನು ಬೇಕಾದ ಪದಕ್ಕೆ ಹಚ್ಚಿ "ಅವನಾ ಬಂದದ್ದು?", "ನಿನ್ನೆಯಾ ಬಂದದ್ದು?" ಎಂದು ಪ್ರಶ್ನೆಯ ಮೊನೆಯನ್ನು ತಿರುಗಿಸಬಹುದು. ಆ ಸೌಕರ್ಯ ಇಂಗ್ಲಿಷಿಗಿಲ್ಲ. ಆದ್ದರಿಂದಲೇ ಬೆಂಗಳೂರಿನಲ್ಲಿ ನಾವೆಲ್ಲ ಹೇಳಿಕೆಯ ವಾಕ್ಯವನ್ನೇ ಇಟ್ಟು ದನಿ ಏರಿಸಿ "ವೇರ್ ಯೂ ಆರ್ ಗೋಯಿಂಗ್?" ಎಂದು ಕೇಳುತ್ತೇವೆ. ಮಾತಿನಲ್ಲಿ ಅದು ನಡೆಯುತ್ತದೆ, ಬರಹಕ್ಕೆ ದನಿಯಿಲ್ಲ.

ಇನ್ನು ನಾಲ್ಕನೆಯ ವಾಕ್ಯ. ಯಂತ್ರವನ್ನು ಒಂದು ದಿನ ನಿಲ್ಲಿಸಿದ ವಾಕ್ಯ ಅದೇ. ಬೇರೆಯವರ ಮಾತನ್ನು ವರದಿ ಮಾಡುವಾಗ ಕನ್ನಡವು ಆ ಮಾತನ್ನು ಅವರ ಬಾಯಿಂದ ಬಂದಂತೆಯೇ ಎತ್ತಿ "ಎಂದು" ಅಥವಾ "ಅಂತ" ಎಂಬ ಪದದ ಮುಂದೆ ಇಡುತ್ತದೆ. "ಬರ್ತೀನಿ ಅಂತ ಹೇಳಿದರು" ಎಂದಾಗ ಬರುವವರು ಹೇಳಿದವರೇ ಎಂಬುದರಲ್ಲಿ ಯಾವ ಕನ್ನಡಿಗನಿಗೂ ಅನುಮಾನವಿಲ್ಲ. "ಅಂತ" ಎಂಬುದು ಮಾತಿನ ಸುತ್ತ ಹಾಕಿದ ಬೇಲಿಯಂತೆ. ಬೇಲಿಯೊಳಗಿನ "ನಾನು" ಹೇಳಿದವನು, ಹೊರಗಿನ "ನಾನು" ಬರೆದವನು. ಇಂಗ್ಲಿಷಿನ "ದಟ್" ಅಂತಹ ಬೇಲಿಯಲ್ಲ. "ದಟ್" ಬಂದ ಕೂಡಲೇ ಒಳಗಿನ ಮಾತೂ ಬರೆದವನ ಸ್ಥಾನದಿಂದಲೇ ಹೇಳಬೇಕು: "ಐ" ಹೋಗಿ "ಹೀ" ಆಗಬೇಕು, "ವಿಲ್" ಹೋಗಿ "ವುಡ್" ಆಗಬೇಕು. ನಾನು ಕನ್ನಡದ ಬೇಲಿಯನ್ನು ನಂಬಿ ಇಂಗ್ಲಿಷಿನಲ್ಲಿ "ಐ" ಎಂದು ಬರೆದಿದ್ದೆ. ಎಂಜಿನಿಯರ್ ಓದಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆ ಮೊದಲ ಬರಹದಲ್ಲಿ ಇನ್ನೊಂದು ದೋಷವಿತ್ತು, ಅದನ್ನು ತಿದ್ದಿಕೊಳ್ಳಲು ನನಗೆ ವರ್ಷಗಳೇ ಬೇಕಾದವು. ಕನ್ನಡದಲ್ಲಿ ನಾವು "ಎದ್ದು, ಮುಖ ತೊಳೆದು, ತಿಂಡಿ ತಿಂದು, ಬಸ್ ಹತ್ತಿ, ಕೆಲಸಕ್ಕೆ ಹೋದೆ" ಎಂದು ಎಷ್ಟು ಕೆಲಸಗಳನ್ನಾದರೂ ಒಂದೇ ಎಳೆಯಲ್ಲಿ ಪೋಣಿಸಬಹುದು. ಕೊನೆಯ ಕ್ರಿಯಾಪದ ಬರುವವರೆಗೆ ವಾಕ್ಯ ಮುಗಿದಿಲ್ಲ ಎಂಬುದು ಕೇಳುವವರಿಗೆ ಗೊತ್ತು, "ಹೋದೆ" ಎಂದಾಗ ಮುಗಿಯಿತೆಂಬುದೂ ಗೊತ್ತು. ಆ ಕ್ರಿಯಾಪದದ ಕೊನೆಯ ಅಕ್ಷರವೇ ನಮಗೆ ಪೂರ್ಣವಿರಾಮ. ಈ ಎಳೆಯನ್ನೇ ಇಂಗ್ಲಿಷಿಗೆ ಒಯ್ದು ನಾವು "ಅಂಡ್", "ಸೋ", "ಅಂಡ್" ಎಂದು ಪೋಣಿಸುತ್ತಾ ಹೋಗುತ್ತೇವೆ. ಅಲ್ಲಿ ವಾಕ್ಯ ಎಲ್ಲಿ ಮುಗಿಯಿತೆಂದು ಹೇಳುವ ಅಕ್ಷರವಿಲ್ಲದ್ದರಿಂದ ಓದುವವರು ಉಸಿರು ಕಟ್ಟಿಕೊಂಡು ಓದಬೇಕಾಗುತ್ತದೆ. ಒಂದು ಪೂರ್ಣ ಕ್ರಿಯಾಪದ, ಒಂದು ಪೂರ್ಣವಿರಾಮ ಎಂಬ ನಿಯಮವನ್ನು ಮೊದಲ ಒಂದು ವರ್ಷ ನಾನು ಹಟ ಹಿಡಿದು ಪಾಲಿಸಿದೆ. ಬರಹ ಮೊಟಕಾಗಿ ಕಂಡಿತು. ಆದರೆ ನನ್ನ ಪುಸ್ತಕ ಓದಿ ಯಾರೂ ಮತ್ತೆ ಫೋನ್ ಮಾಡಿ ಕೇಳಬೇಕಾಗಲಿಲ್ಲ.

ಈ ಅಭ್ಯಾಸ ನನ್ನ ಕನ್ನಡವನ್ನೂ ಬದಲಿಸಿತು. ಬಡಾವಣೆಯ ಸಂಘದ ಪತ್ರಗಳನ್ನು ಬರೆಯುವಾಗ ಮೊದಲು ನಾನೂ ಎಲ್ಲರಂತೆ "ಕ್ರಮ ಕೈಗೊಳ್ಳಲಾಗುವುದು", "ಗಮನಕ್ಕೆ ತರಲಾಗಿದೆ" ಎಂದೇ ಬರೆಯುತ್ತಿದ್ದೆ. ಮನೆಯಲ್ಲಿ ಯಾರೂ "ಅಡುಗೆ ಮಾಡಲಾಗಿದೆ" ಎನ್ನುವುದಿಲ್ಲ. ಈಗ ಬರೆಯಲು ಕುಳಿತರೆ "ನಿಲ್ಲಿಸಿದ್ದು ಯಾರಪ್ಪಾ?" ಎಂಬ ದನಿ ಕೇಳಿಸುತ್ತದೆ, ಪತ್ರದಲ್ಲಿ ಯಾರು ಏನು ಮಾಡಿದರೆಂಬುದು ಬರುತ್ತದೆ.

ಭಾನುವಾರದ ಹುಡುಗಿ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಟೆಕ್ನೀಷಿಯನ್. ಡಾಕ್ಟರಿಗೆ ಅವಳು ಕಳಿಸಿದ್ದ ಒಂದು ಸಂದೇಶವನ್ನು ಮೊದಲ ದಿನ ತೋರಿಸಿದಳು: "ಪೇಷಂಟ್ ಕೇಮ್ ವಿದೌಟ್ ಫಾಸ್ಟಿಂಗ್ ಸೋ ನಾಟ್ ಟೇಕನ್ ಟೋಲ್ಡ್ ಟುಮಾರೊ." ನಾನು ಸೂಪರ್‌ವೈಸರ್ ಕಲಿಸಿದಂತೆಯೇ ಕೇಳಿದೆ. ಊಟ ಮಾಡಿದ್ದು ಯಾರಮ್ಮಾ? ರಕ್ತ ತೆಗೆಯದೆ ಬಿಟ್ಟಿದ್ದು ಯಾರು? ಯಾರಿಗೆ ಏನು ಹೇಳಿದೆ? "ದ ಪೇಷಂಟ್ ಹ್ಯಾಡ್ ಈಟನ್. ಐ ಡಿಡ್ ನಾಟ್ ಡ್ರಾ ಬ್ಲಡ್. ಐ ಆಸ್ಕ್ಡ್ ಹರ್ ಟು ಕಮ್ ಟುಮಾರೊ." ಬರೆದು ಮುಗಿಸಿ ಅವಳು, "ಇಷ್ಟು ಚಿಕ್ಕದಾಗಿ ಬರೆದ್ರೆ ಓದಿಲ್ಲದವಳು ಅನ್ಕೊಳಲ್ವಾ ಅಂಕಲ್?" ಎಂದು ಕೇಳಿದಳು. ಈ ಭಯ ನನಗೆ ಚೆನ್ನಾಗಿ ಗೊತ್ತು. "ಡಾಕ್ಟರು ಒಂದೇ ಸಲ ಓದಿ ಅರ್ಥ ಮಾಡ್ಕೊಂಡ್ರೆ ಸಾಕಲ್ವೇನಮ್ಮಾ" ಎಂದೆ. ಅವಳಿಗೆ ಆಗ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ನಾಲ್ಕು ತಿಂಗಳು ನಾವು ಸಾಮಾನ್ಯ ವಾಕ್ಯವನ್ನು ಬಿಟ್ಟು ಮುಂದೆ ಹೋಗಲಿಲ್ಲ. ಕಳೆದ ವಾರ ಅವಳು ಅಮ್ಮನ ಬಗ್ಗೆ ಬರೆದು ತಂದಿದ್ದಳು. "ಮೈ ಮದರ್ ಸೆಲ್ ಫ್ಲವರ್ಸ್" ಎಂದು ಆರಂಭವಾಗಿತ್ತು. "ಮಾರುತ್ತಾಳೆ ಅನ್ನೋದ್ರಲ್ಲಿ 'ಆಳೆ' ಎಲ್ಲಿ ಹೋಯ್ತು?" ಎಂದು ಕೇಳಿದೆ. ನಮ್ಮ ಕ್ರಿಯಾಪದಕ್ಕೆ ಏನೆ, ಈಯೆ, ಆನೆ, ಆಳೆ, ಆರೆ ಎಂದು ಎಷ್ಟೊಂದು ಬಾಲಗಳು. ಇಂಗ್ಲಿಷಿನ ಸಾಮಾನ್ಯ ಕ್ರಿಯಾಪದಕ್ಕೆ ವರ್ತಮಾನಕಾಲದಲ್ಲಿ ಉಳಿದಿರುವುದು ಒಂದೇ ಒಂದು "ಎಸ್". ಅವಳು ನಕ್ಕು ಅದನ್ನು ಸೇರಿಸಿದಳು. ಮುಂದಿನ ಸಾಲುಗಳನ್ನು ತಿದ್ದಬೇಕಾಗಲಿಲ್ಲ. "ಶೀ ಬೈಸ್ ದೆಮ್ ಅಟ್ ಸಿಟಿ ಮಾರ್ಕೆಟ್. ಶೀ ವೇಕ್ಸ್ ಅಪ್ ಅಟ್ ಥ್ರೀ." ಅದರ ಕೆಳಗೆ ಏನೋ ಬರೆದು ಹೊಡೆದುಹಾಕಿದ್ದಳು. ಕೇಳಿದಾಗ, "ಮೂರಕ್ಕೇ ಯಾಕೆ ಏಳ್ತಾರೆ ಅಂತ ಬರೀಬೇಕಿತ್ತು ಅಂಕಲ್, ಆದ್ರೆ ಎರಡು ಸೆಂಟೆನ್ಸ್ ಆದ್ರೆ ಕಾರಣ ಬೇರೆ ಆಗಿಹೋಗುತ್ತೆ" ಎಂದಳು. "ಹಾಗಾದ್ರೆ ಸೇರಿಸಿ ಬರಿ" ಎಂದೆ.

ಅವಳು ಸ್ವಲ್ಪ ಹೊತ್ತು ಪೆನ್ನನ್ನು ಕಾಗದದ ಮೇಲೆ ಊರಿಕೊಂಡು ಕುಳಿತಿದ್ದಳು. ಆಮೇಲೆ ಹಿಂದಿನ ಪೂರ್ಣವಿರಾಮವನ್ನು ಅಳಿಸಿ, ಮುಂದುವರಿಸಿ ಬರೆದು, ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿದಳು. "ಶೀ ವೇಕ್ಸ್ ಅಪ್ ಅಟ್ ಥ್ರೀ ಬಿಕಾಸ್ ದ ಗುಡ್ ಫ್ಲವರ್ಸ್ ಗೋ ಫಸ್ಟ್."